ಮೂರು ಊರಿನ ಎಣ್ಣೆ

ನನ್ನ ತಲೆಗೂದಲ ಬಗ್ಗೆ ಮಾತಾಡುವ ಹಕ್ಕು ನನ್ನೊಬ್ಬಳನ್ನು ಬಿಟ್ಟು ಮೂರು ತಾಲ್ಲೂಕಿನ ಜನಕ್ಕೆಲ್ಲ ಇತ್ತು. ಕೊಳ್ಳೇಗಾಲದವರು, ಹನೂರಿನವರು, ಯಳಂದೂರಿನವರು, ಬಸ್ಸು ಹತ್ತಿದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರಿಗೂ. ನಾನು ಸಾರಿಗೆ ಬಸ್ಸಿನ ಕಂಡಕ್ಟರ್. ದೀಪಶ್ರೀ ಅಂತ ಎದೆಯ ಮೇಲಿನ ಪಟ್ಟಿಯಲ್ಲಿ ಬರೆದಿದ್ದರೂ ಅದನ್ನು ಓದುವ ಕಷ್ಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ‘ಜಡೆ ಕಂಡಕ್ಟರಮ್ಮ’ ಅಂದರೆ ಬಂಡಳ್ಳಿಯಿಂದ ಅಗರದ ತನಕ ಗೊತ್ತಾಗುತ್ತಿತ್ತು. ಜಡೆ ಮಂಡಿಯ ಹತ್ತಿರ ಬರುತ್ತಿತ್ತು. ರಶ್ಶಿನಲ್ಲಿ ನಿಂತವರ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ ಅಂತ ಅದರ ತುದಿಯನ್ನು ಟಿಕೆಟ್ ಬ್ಯಾಗಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದೆ. ಮುದುಕಿಯರು ಟಿಕೆಟ್ ತೆಗೆದುಕೊಳ್ಳುವಾಗ ಅದನ್ನೊಂದು ಸಲ ಮುಟ್ಟಿ ನೋಡಿ, ಏನು ಹಚ್ಚುತ್ತೀ ಅಂತ ಕೇಳುತ್ತಿದ್ದರು. ಏನೂ ಇಲ್ಲ ಅಂದರೆ ನಂಬುತ್ತಿರಲಿಲ್ಲ. ನನಗೆ ಅದರ ಮೇಲೆ ಬಹಳ ಜಂಬ ಇತ್ತು. ಇಲ್ಲ ಅಂತ ಯಾಕೆ ಹೇಳಲಿ?

ಮಗ ಹುಟ್ಟಿದ ಮೇಲೆ ಆ ಜಡೆ ಹೋಯಿತು. ಒಂದೇ ಸಲಕ್ಕಲ್ಲ. ಬಾಣಂತನ ತವರಿನಲ್ಲಿ, ಮಾಂಬಳ್ಳಿಯಲ್ಲಿ ಆಯಿತು. ಅಲ್ಲಿ ಇದ್ದಷ್ಟು ದಿನ ಚೆನ್ನಾಗಿಯೇ ಇತ್ತು. ಮಗುವನ್ನು ಎತ್ತಿಕೊಂಡು ಕೊಳ್ಳೇಗಾಲದ ಗಂಡನ ಮನೆಗೆ ಬಂದ ಮೇಲೆ ಶುರುವಾಯಿತು. ಬಾಚಿದರೆ ಬಾಚಣಿಗೆಯ ತುಂಬ, ಮಲಗಿದರೆ ದಿಂಬಿನ ತುಂಬ, ಸ್ನಾನ ಮಾಡಿದರೆ ಬಚ್ಚಲ ಜಾಲರಿ ಕಟ್ಟಿಕೊಂಡು ನೀರೇ ಹೋಗುತ್ತಿರಲಿಲ್ಲ. ಒಂದು ದಿನ ಮಗುವಿನ ಮುಚ್ಚಿದ ಮುಷ್ಟಿಯನ್ನು ಬಿಡಿಸಿದರೆ ಅದರೊಳಗೂ ನನ್ನ ಕೂದಲೇ. ಬೈತಲೆ ಅಗಲವಾಗುತ್ತ ಬಂದು ನೆತ್ತಿ ಕಾಣತೊಡಗಿತು. ಜಡೆ ಮುಂಗೈ ಗಾತ್ರದ್ದಿದ್ದದ್ದು ಕಿರುಬೆರಳಿಗೆ ಬಂತು, ಆಮೇಲೆ ಜಡೆ ಅನ್ನುವುದಕ್ಕೇ ನಾಚಿಕೆಯಾಗುವಷ್ಟಕ್ಕೆ ಬಂತು.

ಆ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಸುಳ್ಳು ಹೇಳುತ್ತಿಲ್ಲ. ಬೆಳಿಗ್ಗೆಯೋ ಸಾಯಂಕಾಲವೋ ತಿಳಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಒಲೆಯ ಮುಂದೆ ನಿಂತೇ ಇರುತ್ತಿದ್ದೆ. ಮಗು ಅತ್ತರೆ ಪಕ್ಕದ ಮನೆಯ ಮಗು ಅಳುತ್ತಿದೆ ಅನ್ನಿಸುತ್ತಿತ್ತು, ಯಾರಾದರೂ ಎತ್ತಿಕೊಳ್ಳಬಾರದಾ ಅಂದುಕೊಳ್ಳುತ್ತಿದ್ದೆ. ಕಣ್ಣಿಗೆ ನಿದ್ದೆ ಇಲ್ಲ, ಅಳು ಮಾತ್ರ ಕೇಳದೆಯೇ ಬರುತ್ತಿತ್ತು. ಇದಕ್ಕೆಲ್ಲ ಕೂದಲೇ ಕಾರಣ ಅಂತ ನಾನು ತೀರ್ಮಾನ ಮಾಡಿದ್ದೆ. ಕೂದಲು ಉದುರುತ್ತಿದೆ, ಅದಕ್ಕೆ ಬೇಜಾರು. ಬೇಜಾರಾಗಿದೆ, ಅದಕ್ಕೆ ಕೂದಲು ಉದುರುತ್ತಿದೆ. ಯಾವುದು ಮೊದಲು ಅಂತ ಕೇಳಿದರೆ ಈಗಲೂ ಹೇಳಲಾರೆ.

ನನ್ನ ಗಂಡ ಉದಯಕುಮಾರ್ ಕರೆಂಟು ಲೈನ್‌ಮನ್. ಕಂಬ ಹತ್ತುವಾಗ ಇರುವ ಧೈರ್ಯ ಮನೆಯೊಳಗೆ ಇಲ್ಲ. ‘ಕೂದ್ಲು ತಾನೇ, ಬತ್ತದೆ ಬುಡು’ ಅನ್ನುತ್ತಿದ್ದ. ಮಾವ ಪುಟ್ಟಮಾದಪ್ಪನವರು ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕೂತರೆ ಊಟಕ್ಕೇ ಏಳುವುದು. ಇನ್ನು ಅತ್ತೆ ದೊಡ್ಡಬಸಮ್ಮ. ಅವರು ಕಡಿಮೆ ಮಾತಿನವರು. ಹೆಚ್ಚು ಮಾತಾಡುವ ಅತ್ತೆಯರನ್ನು ಸುಧಾರಿಸಬಹುದು, ಕಡಿಮೆ ಮಾತಾಡುವವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವುದು ಹೇಗೆ?

ಒಂದು ಮಧ್ಯಾಹ್ನ ಅತ್ತೆ ಇದ್ದಕ್ಕಿದ್ದ ಹಾಗೆ, “ನಡಿಯವ್ವ, ಕೂದ್ಲುಗೆ ಡಾಕ್ಟ್ರುತಾವ ತೋರುಸ್ಕಂಡು ಬರವ” ಅಂದರು. ಮಾರುಕಟ್ಟೆಗೆ ನಡೆದೇ ಹೋಗುವ ಹೆಂಗಸು ಅವತ್ತು ತಾವೇ ಆಟೋ ಕರೆದರು. ಉದಯನನ್ನೂ ಡ್ಯೂಟಿಯಿಂದ ಕರೆಸಿದರು. ಕೂದಲಿಗೆ ಇಷ್ಟು ಗಡಿಬಿಡಿ ಯಾಕೆ ಅಂತ ನನಗೆ ಅರ್ಥವಾಗಲಿಲ್ಲ.

ಆ ಲೇಡಿ ಡಾಕ್ಟರು ನನ್ನ ತಲೆಯನ್ನು ಮುಟ್ಟಿಯೂ ನೋಡಲಿಲ್ಲ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಅಳು ಬರುತ್ತಾ, ಮಗುವಿನ ಜೊತೆ ಒಬ್ಬಳೇ ಇರಲು ಭಯವಾಗುತ್ತಾ, ಬರೀ ಇಂಥವೇ ಪ್ರಶ್ನೆ. ನಾನು ಬೈತಲೆ ತೋರಿಸಿ ‘ಮೇಡಮ್, ಇಲ್ಲಿ ನೋಡಿ’ ಅಂದೆ. “ಹೆರಿಗೆ ಆದ ಮೇಲೆ ಉದುರೋದು ಸಹಜ ಕಣಮ್ಮ, ತಾನಾಗೇ ಬರುತ್ತೆ” ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಅತ್ತೆಯ ಹತ್ತಿರ ಬಹಳ ಹೊತ್ತು ಮಾತಾಡಿದರು. ನಿದ್ದೆಗೆ, ನಿಶ್ಶಕ್ತಿಗೆ ಅಂತ ಮಾತ್ರೆ ಬರೆದುಕೊಟ್ಟರು. ತಲೆಗೂದಲು ತೋರಿಸಲು ಹೋದರೆ ತಲೆಯೊಳಗನ್ನು ಕೆದಕುವ ಇವರೆಂಥ ಡಾಕ್ಟರು ಅಂತ ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ಮಾರನೆಯ ದಿನದಿಂದ ಎಣ್ಣೆಗಳು ಬರತೊಡಗಿದವು.

ಮೊದಲು ಬಂದವಳು ಮಾಂಬಳ್ಳಿಯಿಂದ ಅವ್ವ. ಗರುಗದ ಸೊಪ್ಪಿನ ರಸ, ಕರಿಬೇವು, ನೆಲ್ಲಿಕಾಯಿ ಎಲ್ಲವನ್ನೂ ಕೊಬ್ಬರಿ ಎಣ್ಣೆಗೆ ಹಾಕಿ, ಚಟಪಟ ಸದ್ದು ನಿಲ್ಲುವ ತನಕ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿಕೊಂಡು ಬಂದಿದ್ದಳು, ಮುಗಿದರೆ ಮತ್ತೆ ಕಾಯಿಸಲು ಒಂದು ಕಟ್ಟು ಸೊಪ್ಪೂ ತಂದಿದ್ದಳು. ಎಣ್ಣೆ ಹಸಿರೂ ಅಲ್ಲದ ಕಪ್ಪೂ ಅಲ್ಲದ ಬಣ್ಣಕ್ಕಿತ್ತು. ಅವಳ ಹಿಂದೆಯೇ ಬಂಡಳ್ಳಿಯಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬ್ಯಾಗು ಹಿಡಿದು ಇಳಿದಳು. ಅವಳದು ಹರಳೆಣ್ಣೆ. ಬಿಸಿ ಮಾಡಿ ಬುಡಕ್ಕೆ ತಿಕ್ಕಬೇಕು, ಅದಕ್ಕೂ ಮೊದಲು ಸಣ್ಣ ಈರುಳ್ಳಿಯ ರಸ ಹಚ್ಚಿ ಒಣಗಿಸಬೇಕು. ಅತ್ತೆಯದು ಮೂರನೆಯ ದಾರಿ: ನೆನೆಸಿದ ಮೆಂತ್ಯದ ಜೊತೆ ದಾಸವಾಳದ ಎಲೆ ರುಬ್ಬಿ ತಲೆಗೆ ಮೆತ್ತಿ, ಸೀಗೆಪುಡಿಯಲ್ಲಿ ತೊಳೆಯುವುದು.

ಮೂವರಿಗೂ ಮೂರು ಮಾತು. ಮೈ ಉಷ್ಣವಾಗಿ ಕೂದಲು ಉದುರುತ್ತಿದೆ ಅಂತ ಅವ್ವ. ಉಷ್ಣವಲ್ಲ, ಶೀತ ಅಂತ ದೊಡ್ಡವ್ವ.

“ಬಾಣ್ತಿ ತಲೆಗೆ ಕೊಬ್ರಿ ಎಣ್ಣೆ ಅಚ್ಚೀರೇನ್ರೇ? ಕೂಸ್ಗೆ ನೆಗಡಿ ಆಗ್ಬೇಕಾ?” ಅಂದಳು ದೊಡ್ಡವ್ವ.

“ಅರಳೆಣ್ಣೆ ತಿಕ್ಕುದ್ರೆ ಕೂದ್ಲು ಬರಾದಿರ್ಲಿ, ಇರೋದ್ನು ಬಾಚಕ್ಕಾಯ್ತದಾ? ಅಂಟಂಟಾಗಿ ಬೇರ್ ಸಮೇತ ಬತ್ತದೆ” ಅಂದಳು ಅವ್ವ.

“ಗರುಗ ಗಿರುಗ ಅನ್ಕಂಡು ಅದೇನ್ ಸೊಪ್ ತಂದಿದ್ದೀಯೋ. ನಮ್ ಕಡೆ ತಮಿಳ್ನೋರು ಕರಿಸಲಾಂಗಣ್ಣಿ ಅಚ್ಕತಾರೆ, ಅವರ ತಲೆ ನೋಡೋಗು. ಆ ಸೊಪ್ಪೂ ನಾ ತಂದಿವ್ನಿ.”

ಇಬ್ಬರೂ ತಂದ ಸೊಪ್ಪನ್ನು ಒಂದೇ ಮೊರದಲ್ಲಿ ಹರಡಿದ್ದರು. ನಾನು ಎರಡನ್ನೂ ಎತ್ತಿ ನೋಡಿದೆ. ಅದೇ ಎಲೆ, ಅದೇ ಪುಟ್ಟ ಬಿಳಿ ಹೂವು, ಹಿಸುಕಿದರೆ ಬೆರಳಿಗೆ ಅದೇ ಮಸಿ. “ಅವ್ವ, ಎರಡೂ ಒಂದೇ ಗಿಡ” ಅಂದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, “ನಿಂಗೇನ್ ಗೊತ್ತು, ಸುಮ್ಕೆ ಕುಂತ್ಕ” ಅಂದರು. ಅಕ್ಕತಂಗಿಯರು ಒಪ್ಪಿದ ಮಾತು ಅದೊಂದೇ.

ಸುಮ್ಮನೆ ಕೂತೆ. ಕೂರುವುದೇ ನನ್ನ ಕೆಲಸವಾಯಿತು. ಬೆಳಿಗ್ಗೆ ಅವ್ವ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದಳು. ಅದು ಆರುವ ಮೊದಲೇ ದೊಡ್ಡವ್ವ ಈರುಳ್ಳಿ ತುರಿದುಕೊಂಡು ಬರುತ್ತಿದ್ದಳು. ಎಣ್ಣೆಯ ಮೇಲೆ ರಸ ನಿಲ್ಲದೆ ಕಿವಿಗೆ ಇಳಿಯುತ್ತಿತ್ತು. ಮಧ್ಯಾಹ್ನ ಅತ್ತೆಯ ಮೆಂತ್ಯ. ತೊಳೆದು ಒಣಗಿಸುವಷ್ಟರಲ್ಲಿ ಮತ್ತೆ ಅವ್ವ. ಯಾವುದನ್ನೂ ನೆಟ್ಟಗೆ ಒಂದು ವಾರ ಮಾಡಲಿಲ್ಲ. ಹಚ್ಚುವುದು, ತೊಳೆಯುವುದು, ಮತ್ತೆ ಹಚ್ಚುವುದು. ಹೀಗೆ ಮಾಡಿದರೆ ಇರುವ ಕೂದಲೂ ಎದ್ದು ಓಡಿಹೋಗುವುದಿಲ್ಲವಾ? ನನ್ನ ತಲೆ ಮನೆಯ ಮುಂದಿನ ಕಲ್ಲು ಚಪ್ಪಡಿಯ ಹಾಗಾಗಿತ್ತು, ಯಾರು ಬೇಕಾದರೂ ಬಂದು ತಿಕ್ಕಿ ಹೋಗುತ್ತಿದ್ದರು. ವಾಸನೆಯಂತೂ ಕೇಳಬೇಡಿ. ಮಗು ಹಾಲು ಕುಡಿಯುತ್ತ ಕುಡಿಯುತ್ತ ಸೀನುತ್ತಿತ್ತು.

“ಅತ್ತೆ, ಇದರಲ್ಲಿ ನಾನು ಯಾವುದು ಮಾಡಬೇಕು? ಯಾವುದಾದರೂ ಒಂದು ಹೇಳಿ” ಅಂತ ಕೇಳಿದೆ.

“ಎಲ್ಲಾನೂ ಮಾಡವ್ವ” ಅಂದರು.

“ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗಿ ಏನಾಗ್ಬೇಕು?” ಅಂದು ಮೆಂತ್ಯದ ಬಟ್ಟಲು ಹಿಡಿದು ಹಿಂದೆ ಕೂತರು.

ಮನೆಯಲ್ಲಿ ಇನ್ನೂ ಕೆಲವು ವಿಚಿತ್ರಗಳು ನಡೆಯುತ್ತಿದ್ದವು. ಬಚ್ಚಲಮನೆಯ ಚಿಲಕ ಕಿತ್ತುಹೋಗಿತ್ತು. ಊರಿನ ಕರೆಂಟು ಸರಿಮಾಡುವ ನನ್ನ ಗಂಡನಿಗೆ ಒಂದು ಚಿಲಕ ಕೂರಿಸಲು ಪುರಸೊತ್ತಾಗಲಿಲ್ಲ. ಅಂಗಳದ ನೀರಿನ ಸಂಪಿನ ಮುಚ್ಚಳಕ್ಕೆ ಮಾವ ಬೀಗ ಹಾಕಿಸಿದರು. ಬೀದಿ ನಾಯಿ ಬಿದ್ದೀತು ಅಂದರು. ಮುಚ್ಚಳ ಎತ್ತಿಕೊಂಡು ಒಳಗೆ ಬೀಳುವ ನಾಯಿಯನ್ನು ನಾನೆಲ್ಲೂ ನೋಡಿಲ್ಲ. ಬಂಡಳ್ಳಿಯಲ್ಲಿ ರಾಗಿ ಕೊಯ್ಲಿದ್ದರೂ ದೊಡ್ಡವ್ವ ಹೋಗಲಿಲ್ಲ. ಅವ್ವ ಮಾಂಬಳ್ಳಿಗೆ ಹೋದರಂತೂ ವಾಪಸು ಬರುವ ತನಕ ಕದಲುತ್ತಲೇ ಇರಲಿಲ್ಲ. ಇವರಿಗೆಲ್ಲ ನನ್ನ ಕೂದಲ ಮೇಲೆ ಇಷ್ಟು ಆಸೆಯೇ ಅಂತ ನನಗೆ ಒಂದು ಕಡೆ ಹಿಂಸೆ, ಒಂದು ಕಡೆ ನಾಚಿಕೆ.

ಆದರೆ ಒಂದು ನಿಜ. ಅವರ ಬೆರಳು ತಲೆಯಲ್ಲಿ ಆಡುವಾಗ ಕಣ್ಣು ಮುಚ್ಚಿ ಬರುತ್ತಿತ್ತು. ದೊಡ್ಡವ್ವ ಬಂಡಳ್ಳಿಯ ಸುದ್ದಿ ಹೇಳುತ್ತಿದ್ದಳು. ಯಾರ ಹಸು ಕರು ಹಾಕಿತು, ಯಾರು ಯಾರ ಬದು ಒತ್ತಿದರು. ಅತ್ತೆ ಏನೂ ಹೇಳುತ್ತಿರಲಿಲ್ಲ. ಅವರ ಕೈಯಲ್ಲಿ ನಾನು ಕೂತಲ್ಲೇ ನಿದ್ದೆ ಹೋಗುತ್ತಿದ್ದೆ.

ಯಾವಾಗ ಅಂತ ಹೇಳಲಾರೆ, ಉದುರುವುದು ಕಡಿಮೆಯಾಯಿತು. ಒಂದು ದಿನ ಕನ್ನಡಿಯ ಮುಂದೆ ನಿಂತರೆ ಹಣೆಯ ಅಂಚಿನ ಉದ್ದಕ್ಕೂ ಸಣ್ಣ ಕೂದಲು ಗರಿಕೆಯ ಹಾಗೆ ನಿಂತಿತ್ತು. ಕೂಗಿಕೊಂಡೆ. ಉದಯ ಗಾಬರಿಯಾಗಿ ಓಡಿಬಂದ. ತೋರಿಸಿದೆ. ಅವನ ಕಣ್ಣಲ್ಲಿ ನೀರು ಬಂತು. ಈ ಗಂಡಸು ಕೂದಲಿಗೆ ಅಳುತ್ತಾನಲ್ಲ ಅಂತ ನನಗೆ ನಗು ಬಂತು. ನಗುವುದನ್ನು ನೋಡಿ ಇನ್ನಷ್ಟು ಅತ್ತ.

ಆಮೇಲೆ ಬೈತಲೆ ತುಂಬುತ್ತ ಬಂತು. ಮಗುವಿನ ಅಳು ಕೂಡ ನನ್ನ ಮಗುವಿನ ಅಳು ಅಂತ ಕೇಳಿಸತೊಡಗಿತು. ಅವನಿಗೆ ಮಾವನ ಅಪ್ಪನ ಹೆಸರು, ಮಲ್ಲಿಕಾರ್ಜುನಸ್ವಾಮಿ. ಮೊಳದುದ್ದದ ಕೂಸಿಗೆ ಅಷ್ಟುದ್ದದ ಹೆಸರು, ನಾವು ಮಲ್ಲು ಅನ್ನುತ್ತಿದ್ದೆವು. ಮುಂದಿನ ತಿಂಗಳು ಡ್ಯೂಟಿಗೆ ಹಾಜರಾಗುವುದು ಅಂತ ಡಿಪೋಗೆ ಹೇಳಿ ಬಂದೆ. ಯಾರ ಎಣ್ಣೆಯಿಂದ ಕೂದಲು ಬಂತು ಅನ್ನುವ ಜಗಳ ಮನೆಯಲ್ಲಿ ನಡೆದೇ ಇತ್ತು. ನನಗೆ ಅದೆಲ್ಲ ಬೇಡವಾಗಿತ್ತು. ಬಂದ ಕೂದಲು ಬೆಳೆಯಬೇಕು, ಮೊದಲಿನ ಜಡೆಯಲ್ಲದಿದ್ದರೂ ಜಡೆ ಅನ್ನುವಂಥದ್ದೊಂದು ಹಾಕಿಕೊಂಡು ಮತ್ತೆ ಬಸ್ಸು ಹತ್ತಬೇಕು. ದಿನಾ ಬೆಳಿಗ್ಗೆ ಕನ್ನಡಿ ನೋಡಿಕೊಂಡು ಎಷ್ಟು ಬಂದಿದೆ ಅಂತ ಬೆರಳಲ್ಲಿ ಅಳೆಯುತ್ತಿದ್ದೆ. ನನ್ನ ಮಟ್ಟಿಗೆ ಆ ಕೂದಲು ನಾನು ವಾಪಸು ಬಂದದ್ದಕ್ಕೆ ಸಾಕ್ಷಿಯಾಗಿತ್ತು.

ಮಲ್ಲುವಿನ ಮೊದಲ ಮುಡಿ ಕೊಡಲು ಮಾದಪ್ಪನ ಬೆಟ್ಟಕ್ಕೆ ಹೊರಟೆವು. ಅವತ್ತಿನ ಬಸ್ಸಿಗೆ ನಮ್ಮ ಡಿಪೋದ ದೇವರಾಜು ಕಂಡಕ್ಟರ್.

“ಏನ್ ಮೇಡಮ್, ಕೂದ್ಲು ಬಂದ್ಬುಟ್ಟದೆ! ಯಾವೆಣ್ಣೆ?” ಅಂದ.

ಅವ್ವ ಗರುಗ ಅಂದಳು. ಹನೂರಿನಲ್ಲಿ ಹತ್ತಿಕೊಂಡ ದೊಡ್ಡವ್ವ ಹರಳೆಣ್ಣೆ ಅಂದಳು. ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು. ತಾಳುಬೆಟ್ಟ ದಾಟಿ ಬಸ್ಸು ತಿರುವುಗಳನ್ನು ಹತ್ತುವಾಗ ಮಾತ್ರ ಕೈಮುಗಿದು “ಉಘೇ ಮಾದಪ್ಪ” ಅಂದರು.

ಮುಡಿ ತೆಗೆಯುವ ಜಾಗದಲ್ಲಿ ಜನ ಸಾಲಾಗಿ ಕೂತಿದ್ದರು. ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ದೊಡ್ಡವ್ವನ ಮಗ ಬಸವಣ್ಣ ಸೋದರಮಾವನ ಜಾಗದಲ್ಲಿ ಕೂತು ಮಲ್ಲುವನ್ನು ತೊಡೆಯ ಮೇಲೆ ಹಿಡಿದುಕೊಂಡ. ಕೂಸು ಬೆಟ್ಟ ಹಾರಿಹೋಗುವ ಹಾಗೆ ಕಿರುಚಿತು. ಮುಗಿದ ಮೇಲೆ ಅದರ ಬೋಳುತಲೆ ನೋಡಿ ಎಲ್ಲರೂ ನಕ್ಕೆವು. ಸ್ನಾನ ಮಾಡಿಸಲು ಅವ್ವ, ಉದಯ ಎತ್ತಿಕೊಂಡು ಹೋದರು. ಮಿಕ್ಕವರೂ ಹಿಂದೆ ಹೋದರು. ನಾನು ಹೊರಟೆ. ಅತ್ತೆ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಮುಡಿ ಚೀಟಿ ತೆಗೆದರು.

“ಇದು ಯಾರಿಗೆ ಅತ್ತೆ?”

“ನಿಂಗೆ ಕಣವ್ವ. ಅರಕೆ ಒತ್ತಿದ್ದೆ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮೈ ಉರಿದುಹೋಯಿತು.

“ನನ್ನ ಮುಡಿಯಾ? ಅತ್ತೆ, ಕೂದಲು ಬರಲಿ ಅಂತ ಹರಕೆ ಹೊತ್ತು, ಬಂದ ಕೂದಲನ್ನೇ ಬೋಳಿಸೋದಾ? ಇದು ಯಾವ ಊರಿನ ನ್ಯಾಯ? ಮೂರು ಜನ ಸೇರಿ ನನ್ನ ತಲೆ ತಿಕ್ಕಿ ತಿಕ್ಕಿ ಬರಿಸಿದ್ದು ಇದಕ್ಕಾ? ಮುಂದಿನ ತಿಂಗಳು ನಾನು ಬೋಳು ತಲೆ ಇಟ್ಟುಕೊಂಡು ಬಸ್ಸು ಹತ್ತಬೇಕಾ? ನನ್ನನ್ನು ಒಂದು ಮಾತು ಕೇಳಿದಿರಾ?”

ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಾಗಲಿಲ್ಲ, ಅಳು ಬಂತು. ಎರಡು ಬೆರಳುದ್ದದ ಹೊಸ ಕೂದಲನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದೆ, ಯಾರೋ ಕಿತ್ತುಕೊಳ್ಳುತ್ತಾರೇನೋ ಅನ್ನುವ ಹಾಗೆ.

ಅತ್ತೆ ನನ್ನ ರಟ್ಟೆ ಹಿಡಿದು ಪಕ್ಕದ ಗೋಡೆಯ ನೆರಳಿಗೆ ಕರೆದುಕೊಂಡು ಹೋದರು. ಅಲ್ಲಿ ಯಾರೂ ಇರಲಿಲ್ಲ.

“ಕೂದ್ಲು ಬರ್ಲಿ ಅಂತ ಕೂದ್ಲುನ್ನೇ ಅರಕೆ ಒರಕ್ಕೆ ನಂಗೇನು ಉಚ್ಚು ಇಡ್ದದಾ ಅವ್ವ?” ಅಂದರು.

“ಮತ್ತೆ ಯಾತಕ್ಕೆ ಹೊತ್ತಿರಿ?”

“ಸಂಪಿನ ತಾವ ನಿಂತಿದ್ದಲ್ಲ, ಅವತ್ತು.”



ಸಂಪು ನೆನಪಿದೆ. ಮುಚ್ಚಳ ತೆಗೆದಿತ್ತು. ಮಲ್ಲು ನನ್ನ ಸೊಂಟದ ಮೇಲಿದ್ದ. ಒಳಗಿನಿಂದ ತಣ್ಣನೆಯ ಪಾಚಿ ವಾಸನೆ ಬರುತ್ತಿತ್ತು, ನೀರು ಅಲುಗಾಡದೆ ನಿಂತಿತ್ತು. ಎಷ್ಟು ಹೊತ್ತು ನಿಂತಿದ್ದೆ ಗೊತ್ತಿಲ್ಲ. ನೀರು ಎಷ್ಟು ಬಂದಿದೆ ಅಂತ ನೋಡಲು ಹೋಗಿದ್ದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೆ. ಎಷ್ಟೋ ಸಲ ಹೇಳಿಕೊಂಡಿದ್ದೆ. ಆದರೆ ಅವತ್ತು ನೀರು ಬಿಡುವ ದಿನವಾಗಿರಲಿಲ್ಲ. ಅದನ್ನು ಯಾರೂ ನೋಡಿಲ್ಲ ಅಂದುಕೊಂಡಿದ್ದೆ.

“ನಾನು ಅಲ್ಲಿ ಏನು ಮಾಡೋಕೆ ನಿಂತಿದ್ದೆ ಅತ್ತೆ?” ಅಂತ ಕೇಳಿದೆ.

“ನಂಗೇನ್ ಗೊತ್ತವ್ವ. ನಾ ಕೇಳ್ನಿಲ್ಲ. ಕೂಗುದ್ರೆ ಬೆದರ್ಕಂಡೀಯೆ ಅಂತ ಕೂಗ್ನೂ ಇಲ್ಲ. ಮೆಲ್ಗೆ ಇಂದ್ಗಡಿಂದ ಬಂದು, ‘ದೀಪಾ, ತಲೆಯೆಲ್ಲ ಕೆದರ್ಕಂಡದೆ, ಬಾ, ಎಣ್ಣೆ ಮಡುಗ್ತೀನಿ’ ಅಂದೆ. ನೀ ತಿರುಗಿ ಬಂದೆ. ಬಂದು ನನ್ ಮುಂದೆ ಕುಂತ್ಕಂಡೆ.”

ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಇಷ್ಟು ಮಾತು ಅವರ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಅವತ್ತಿನ ತನಕ ಕೇಳಿರಲಿಲ್ಲ.

“ನಿನ್ ತಲೆ ಮ್ಯಾಲೆ ಕೈ ಮಡುಗಿದ್ನಲ್ಲ, ಆಗ್ಲೇ ಅರಕೆ ಒತ್ಕಂಡೆ. ಮಾದಪ್ಪಾ, ಈ ಎರಡು ತಲೆನೂ ಉಳುಸ್ಕೊಡು, ಎರಡ್ರ ಮುಡಿನೂ ನಿಂಗೇ ಕೊಡುಸ್ತೀನಿ ಅಂದೆ. ಆಮ್ಯಾಲೆ ಆಸ್ಪತ್ರೆಗೆ ಕರ್ಕಂಡೋದೆ. ಆ ಡಾಕ್ಟ್ರಮ್ಮ ಮಾತ್ರೆ ಕೊಟ್ಟು, ಒಂಟಿಯಾಗಿ ಬುಡ್ಬೇಡಿ ಅಂದ್ರು. ಸುಮ್ಕೆ ಕಾವ್ಲು ಕುಂತ್ಕಂಡ್ರೆ ನೀ ಬುಟ್ಟೀಯಾ? ಬೈದು ಎದ್ದೋಯ್ತಿದ್ದೆ. ಎಣ್ಣೆ ಅಂದ್ರೆ ಮಾತ್ರ ಕುಂತ್ಕತಿದ್ದೆ. ಅದ್ಕೇ ನಿಮ್ಮವ್ವನ್ನ ಕರುಸ್ದೆ, ಬಂಡಳ್ಳಿಗೂ ಪೋನ್ ಮಾಡುಸ್ದೆ. ಒಬ್ರು ಕೈ ತೊಳ್ಕಳಕ್ಕೆ ಎದ್ರೆ ಇನ್ನೊಬ್ರು ಬಂದು ಕೂರಾದು.”

“ಅವ್ವನಿಗೂ ಗೊತ್ತಾ?”

“ಎಲ್ರುಗೂ ಗೊತ್ತು.”

“ಹಾಗಾದರೆ ಅವರಿಬ್ಬರ ಆ ಜಗಳ?”

“ಅದು ದಿಟದ್ದೇ ಕಣವ್ವ. ನಾನೂ ಸಾಕಾಗೋಗಿದ್ದೆ” ಅಂದರು.

ಅಳುವಿನ ನಡುವೆ ನನಗೆ ನಗು ಬಂದುಬಿಟ್ಟಿತು. ಆಮೇಲೆ ಸಿಟ್ಟು ಬಂತು. ಎಲ್ಲರೂ ಸೇರಿ ನನ್ನ ಮುಂದೆ ನಾಟಕ ಆಡಿದರಲ್ಲ ಅಂತ. ಆಮೇಲೆ ಹೆದರಿಕೆಯಾಯಿತು. ಅತ್ತೆ ಆ ಹೊತ್ತಿಗೆ ಅಂಗಳಕ್ಕೆ ಬರದಿದ್ದರೆ ಅಂತ. ಸ್ನಾನದ ಕಡೆಯಿಂದ ಮಲ್ಲುವಿನ ಕಿರುಚಾಟ ಕೇಳಿಸುತ್ತಿತ್ತು. ಗೋಡೆಗೆ ಒರಗಿದೆ. ನನ್ನ ಕೂದಲು ಬಂದದ್ದು ಅವ್ವನ ಗರುಗದಿಂದಲೋ, ದೊಡ್ಡವ್ವನ ಹರಳೆಣ್ಣೆಯಿಂದಲೋ, ಮಾತ್ರೆಯಿಂದಲೋ, ಡಾಕ್ಟರಮ್ಮ ಹೇಳಿದ ಹಾಗೆ ತಾನಾಗಿಯೋ, ಇಲ್ಲ ಮಾದಪ್ಪನೇ ಬರಿಸಿದ್ದೋ. ಇಷ್ಟು ದಿನ ಅದೇ ದೊಡ್ಡ ಗೊಂದಲ ಅಂದುಕೊಂಡಿದ್ದೆ. ಈಗ ನೋಡಿದರೆ ಆ ಮನೆಯಲ್ಲಿ ಕೂದಲ ಯೋಚನೆ ಇದ್ದವಳು ನಾನೊಬ್ಬಳೇ.

“ನಿನ್ನ ಕೇಳ್ದೆ ಅರಕೆ ಒತ್ತಿದ್ದು ನನ್ ತಪ್ಪೇ” ಅಂದರು ಅತ್ತೆ. “ನನ್ ಮುಡಿ ಕೊಡ್ತೀನಿ ಅನ್ಬೋದಿತ್ತು. ಕೈ ನಿನ್ ತಲೆ ಮ್ಯಾಲಿತ್ತಲ್ಲ, ಬಾಯ್ಗೂ ಅದೇ ಬಂತು. ನೀ ಬ್ಯಾಡ ಅಂದ್ರೆ ಬ್ಯಾಡ. ತಪ್ಪು ಕಾಣ್ಕೆ ಆಕಿ ಕಾಲ್ಗೆ ಬಿದ್ಕತೀನಿ. ಮಾದಪ್ಪ ಅಷ್ಟು ತಿಳ್ಕಳ್ದೆ ಇದ್ದಾನಾ?”

ಚೀಟಿಯನ್ನು ಮತ್ತೆ ಸೆರಗಿನ ಗಂಟಿಗೆ ಹಾಕಿಕೊಳ್ಳತೊಡಗಿದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡೆ.

ಯಾಕೆ ತೆಗೆದುಕೊಂಡೆ ಅಂತ ನನ್ನನ್ನು ಕೇಳಬೇಡಿ. ಭಕ್ತಿ ಅನ್ನಲಾರೆ, ಅತ್ತೆಯ ಮೇಲಿನ ಕನಿಕರವೂ ಅಲ್ಲ. ಕಾಪಾಡಿಕೊಳ್ಳಬೇಕಾದದ್ದು ಅದಲ್ಲ ಅನ್ನಿಸಿತು, ಅಷ್ಟೇ. ಹೋಗಿ ಸಾಲಿನಲ್ಲಿ ಕೂತೆ.

“ಪೂರ್ತಿನೇನಮ್ಮ, ಇಲ್ಲ ಮೂರು ಬೆಳ್ಳಷ್ಟಾ?” ಅಂತ ಮುಡಿ ತೆಗೆಯುವವರು ಕೇಳಿದರು. ಮುತ್ತೈದೆಯರು ಹಾಗೆ ಸ್ವಲ್ಪ ತುದಿ ಕತ್ತರಿಸಿಕೊಂಡು ಹೋಗುವುದೂ ಉಂಟು.

ಅತ್ತೆ ಆಸೆಯಿಂದ ನನ್ನ ಮುಖ ನೋಡಿದರು, ಮೂರು ಬೆರಳು ಅನ್ನಲಿ ಅಂತಲೇ ಇರಬೇಕು.

“ಪೂರ್ತಿ” ಅಂದೆ.

ನೀರು ಚಿಮುಕಿಸಿದರು. ಕತ್ತಿ ನೆತ್ತಿಯಿಂದ ಹಣೆಯ ಕಡೆಗೆ ಬಂತು. ಮೊದಲು ಮಡಿಲಿಗೆ ಬಿದ್ದದ್ದು ಉದ್ದ ಕೂದಲು, ಆಮೇಲೆ ಆ ಗರಿಕೆಯಂಥ ಸಣ್ಣ ಕೂದಲು. ಅದನ್ನು ಬೆರಳಲ್ಲಿ ಒಂದು ಸಲ ಮುಟ್ಟಿ ನೋಡಿದೆ. ಅತ್ತೆ ಕೊನೆಯ ತನಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು.

ಸ್ನಾನವಾದ ಮೇಲೆ ಮೆಟ್ಟಿಲ ಮೇಲೆ ಕೂರಿಸಿ ಅತ್ತೆ ನನ್ನ ತಲೆಗೆ ಗಂಧ ಹಚ್ಚಿದರು. ತಂಪಾಗಿತ್ತು. ತಲೆಗೆ ಗಾಳಿ ಹೀಗೆ ತಾಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

“ಅತ್ತೆ, ಬಾ ಎಣ್ಣೆ ಮಡುಗ್ತೀನಿ ಅನ್ನೋಕೆ ಇನ್ನು ನನ್ನ ತಲೇಲಿ ಏನೂ ಇಲ್ಲವಲ್ಲ” ಅಂದೆ. ತಮಾಷೆಗೆ ಅಂತ ಶುರು ಮಾಡಿದ್ದು, ದನಿ ಹಾಗೆ ಬರಲಿಲ್ಲ. “ನಂಗೆ ಮತ್ತೆ ಹಂಗೇ ಆದ್ರೆ ಏನು ಮಾಡ್ತೀರಿ?”

ಅವರ ಕೈ ನಿಂತಿತು.

“ಆಗ ನೀನೇ ಬಂದು ಯೋಳ್ಬೇಕು ಕಣವ್ವ.”

“ಏನಂತ?”

“ಅಂಗಾಯ್ತಾ ಅದೆ ಅತ್ತೆ, ಅಂತ. ಅಷ್ಟೇ ಸಾಕು. ಯಾವೊತ್ನಲ್ಲಾದ್ರೂ ಯೋಳು.”

ಮಲ್ಲುವನ್ನು ಎತ್ತಿಕೊಂಡು ಉದಯ ದೂರದಲ್ಲಿ ಬರುತ್ತಿದ್ದ. ಅವನು ಹತ್ತಿರ ಬಂದರೆ ಹೇಳಲಾರೆ ಅಂತ ಗೊತ್ತಿತ್ತು.

“ಅತ್ತೆ, ಅವತ್ತು ಹಂಗಾಗಿತ್ತು” ಅಂದೆ.

“ಊಂ ಕಣವ್ವ” ಅಂದು ಅತ್ತೆ ಬಟ್ಟಲಲ್ಲಿ ಉಳಿದಿದ್ದ ಗಂಧವನ್ನು ನನ್ನ ಕಿವಿಯ ಹಿಂದೆ ಸವರಿದರು.